ನಾಯಿ ಸಾಕಬೇಕು ಅಂತಿದ್ದೀರಾ? ದಾವಣಗೆರೆಯಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಿಟುವಳ್ಳಿಯ ನಮ್ಮ ಬೀದಿಯಲ್ಲಿ ಯಾರ ಮನೆಗೆ ನಾಯಿಮರಿ ಬಂದರೂ ಮೊದಲು ನಮ್ಮ ಗೇಟು ತಟ್ಟುತ್ತಾರೆ. ನಾನು ಡಾಕ್ಟರಲ್ಲ. 11 ವರ್ಷದಿಂದ ಕೆಂಚನನ್ನು ಸಾಕಿದ್ದೇನೆ, ಅದಕ್ಕೂ ಮುಂಚೆ ಒಂದು ಮರಿಯನ್ನು ಕಳೆದುಕೊಂಡಿದ್ದೇನೆ. ಗೇಟಿನ ಹತ್ತಿರ, ಫೋನಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಜನ ಕೇಳಿದ್ದನ್ನು ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ. ಔಷಧಿ, ಇಂಜೆಕ್ಷನ್ ವಿಷಯದಲ್ಲಿ ನಿಮ್ಮ ಡಾಕ್ಟರು ಹೇಳಿದ್ದೇ ಕೊನೆಯ ಮಾತು.

ಮಗ ನಾಯಿ ಬೇಕು ಅಂತ ಊಟ ಬಿಟ್ಟು ಕೂತಿದ್ದಾನೆ. ತರಬಹುದಾ ಅಕ್ಕಾ?

ಮಗನಿಗೆ ಈಗ 10 ವರ್ಷ ಅಂದುಕೊಳ್ಳಿ. ಚೆನ್ನಾಗಿ ನೋಡಿಕೊಂಡರೆ ನಾಯಿ 12-13 ವರ್ಷ ಬದುಕುತ್ತದೆ. ಅವನು ಪಿಯುಸಿ ಮುಗಿಸಿ ಬೆಂಗಳೂರಿಗೋ ಹುಬ್ಬಳ್ಳಿಗೋ ಓದಲು ಹೊರಟಾಗ ನಾಯಿಗೆ ಎಂಟು ವರ್ಷ ಆಗಿರುತ್ತದೆ. ಮುಂದಿನ ಐದು ವರ್ಷ, ಅಂದರೆ ಅದಕ್ಕೆ ವಯಸ್ಸಾಗುವ ಕಾಲ, ನಿಮ್ಮ ಪಾಲಿಗೆ ಬರುತ್ತದೆ. ಹಾಗಾಗಿ ನಾಯಿ ನಿಮಗೆ ಬೇಕಾ ಅಂತ ಯೋಚನೆ ಮಾಡಿ.

ನಾನು ಎಲ್ಲರಿಗೂ ಒಂದು ಕೆಲಸ ಹೇಳುತ್ತೇನೆ. ನಾಯಿ ತರುವ ಮುಂಚೆ 15 ದಿನ ಬೆಳಿಗ್ಗೆ ಐದೂವರೆಗೆ ಎದ್ದು ಅರ್ಧ ಗಂಟೆ ರಸ್ತೆಯಲ್ಲಿ ನಡೆಯಿರಿ. ಸಂಜೆ ಮತ್ತೆ ಅರ್ಧ ಗಂಟೆ. ಮಳೆ ಬಂದರೂ, ಮನೆಗೆ ನೆಂಟರು ಬಂದರೂ, ತಲೆನೋವಿದ್ದರೂ ತಪ್ಪಿಸಬಾರದು. ನಮ್ಮ ಬೀದಿಯ ಒಂದು ಮನೆಯವರು ಆರನೇ ದಿನಕ್ಕೇ ಬಂದು, 'ನಮ್ಮ ಕೈಲಿ ಆಗಲ್ಲ ಅಕ್ಕಾ' ಅಂದರು. ಅವರ ಮೇಲೆ ನನಗೆ ತುಂಬಾ ಗೌರವ ಬಂತು. ಒಂದು ಮರಿ ಕಟ್ಟಿಹಾಕಿಸಿಕೊಂಡು ಬೊಗಳುತ್ತಾ ಬೆಳೆಯುವುದು ತಪ್ಪಿತು ಅಲ್ವಾ?

ತಿಂಗಳಿಗೆ ಎಷ್ಟು ಖರ್ಚು ಬರುತ್ತದೆ?

ಕೆಂಚನಿಗೆ ಮನೆ ಊಟ. ಮೊಟ್ಟೆ, ಮೊಸರು, ಅಕ್ಕಿ, ಉಣ್ಣಿ ಔಷಧಿ, ವರ್ಷದ ಇಂಜೆಕ್ಷನ್ ಎಲ್ಲಾ ಹಂಚಿ ನೋಡಿದರೆ ನಮ್ಮ ಮನೆ ಲೆಕ್ಕದಲ್ಲಿ ತಿಂಗಳಿಗೆ 2,000 ರೂಪಾಯಿ ಮೇಲಾಗುತ್ತದೆ. ದೊಡ್ಡ ತಳಿ, ಅಂಗಡಿ ಫುಡ್ ಅಂದರೆ ಇನ್ನೂ ಜಾಸ್ತಿ. ಕಾಯಿಲೆ ಬಿದ್ದ ತಿಂಗಳಿನ ಲೆಕ್ಕವೇ ಬೇರೆ, ಅದಕ್ಕೆ ಸ್ವಲ್ಪ ಹಣ ಬೇರೆ ತೆಗೆದಿಡಿ. ಆದರೆ ದುಡ್ಡು ಸಾಲದೆ ನಾಯಿ ಬಿಟ್ಟವರನ್ನು ನಾನು ಅಷ್ಟಾಗಿ ನೋಡಿಲ್ಲ. ಪುರುಸೊತ್ತು ಸಾಲದೆ ಬಿಟ್ಟವರೇ ಜಾಸ್ತಿ.

ಯಾವ ಜಾತಿ ನಾಯಿ ತರೋಣ?

ಈ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಉದ್ದ.

ನನ್ನ ಮೊದಲ ಮರಿ ಲ್ಯಾಬ್ರಡಾರ್. ಚಿನ್ನು ಅಂತ ಹೆಸರು. ಮಾರಿದವರು 'ಎರಡು ತಿಂಗಳು ತುಂಬಿದೆ, ಇಂಜೆಕ್ಷನ್ ಎಲ್ಲಾ ಆಗಿದೆ' ಅಂದಿದ್ದರು. ಡಾಕ್ಟರು ಹಲ್ಲು ನೋಡಿ, 'ಇದಕ್ಕೆ ಐದು ವಾರ ಆಗಿದ್ದರೆ ಹೆಚ್ಚು' ಅಂದರು. ಆರನೇ ದಿನ ವಾಂತಿ ಶುರುವಾಯಿತು, ಆಮೇಲೆ ರಕ್ತಭೇದಿ. ಪಾರ್ವೊ ಅಂದರು, ಮರಿಗಳಿಗೆ ಬರುವ ವೈರಸ್ ಕಾಯಿಲೆ. ನಾಲ್ಕು ದಿನ ಡ್ರಿಪ್ ಹಾಕಿಸಿದೆವು. ಉಳಿಯಲಿಲ್ಲ. ಆಗ ನನಗೆ ಏನೂ ಗೊತ್ತಿರಲಿಲ್ಲ. ಈಗ ಗೊತ್ತಿರುವುದನ್ನು ಹೇಳುತ್ತೇನೆ: ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ ಅಂತ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ತಾಯಿಯ ಹಾಲು ಬಿಡಿಸಿ ಬೇಗ ತಂದ ಮರಿಗೆ ರೋಗ ತಡೆಯುವ ಶಕ್ತಿ ಕಡಿಮೆ. ತಾಯಿ ನಾಯಿಯನ್ನು ತೋರಿಸಿ ಅಂತ ಕೇಳಿ. ಲಸಿಕೆ ಪುಸ್ತಕ ಕೇಳಿ, ಅದರಲ್ಲಿ ಡಾಕ್ಟರ ಸಹಿ ಇದೆಯಾ ನೋಡಿ. ತೋರಿಸದಿದ್ದರೆ ವಾಪಸ್ ಬನ್ನಿ, ಮರಿ ಎಷ್ಟೇ ಮುದ್ದಾಗಿದ್ದರೂ.

ಹಸ್ಕಿ ಬೇಡ ಅಂತ ಕೈಮುಗಿದು ಹೇಳುತ್ತೇನೆ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ ತಳಿ ಅದು. ಮೈಮೇಲೆ ಎರಡು ಪದರ ಕೂದಲು. ನಮ್ಮ ಏಪ್ರಿಲ್ ಬಿಸಿಲಿಗೆ ಅದನ್ನು ತಂದು ನಿಲ್ಲಿಸುವುದು ಅನ್ಯಾಯ. ಮುಧೋಳ ನಾಯಿ ನಮ್ಮದೇ ರಾಜ್ಯದ್ದು, ಬಾಗಲಕೋಟೆ ಜಿಲ್ಲೆಯದ್ದು. 2005ರಲ್ಲಿ ಅಂಚೆ ಇಲಾಖೆ ಅದರ ಸ್ಟಾಂಪು ಕೂಡ ತಂದಿತ್ತು. ಬಿಸಿಲು ತಡೆಯುತ್ತದೆ, ಸೊಗಸಾದ ನಾಯಿ. ಆದರೆ ಅದು ಬೇಟೆಗೆ, ಓಟಕ್ಕೆ ಹುಟ್ಟಿದ್ದು. ಹೊಲ ಇರುವವರು ಸಾಕಿದರೆ ಚೆಂದ. 30-40ರ ಸೈಟಿನ ಮನೆಯಲ್ಲಿ ಕೂಡಿಹಾಕಿದರೆ ಅದೂ ಕೊರಗುತ್ತದೆ, ನೀವೂ ಸುಸ್ತಾಗುತ್ತೀರಿ.

ಕೆಂಚ ನಾಡನಾಯಿ. ಒಂದು ಡಿಸೆಂಬರ್ ಬೆಳಗಿನ ಜಾವ ಮಂಡಕ್ಕಿ ಭಟ್ಟಿಯ ಗೋಡೆ ಬಿಸಿಗೆ ಮೂರು ಮರಿಗಳು ಒತ್ತಿಕೊಂಡು ಮಲಗಿದ್ದವು. ಭಟ್ಟಿಯವರೇ, 'ತಾಯಿ ಗಾಡಿಗೆ ಸಿಕ್ಕಿ ಹೋಯ್ತು, ಒಂದನ್ನಾದರೂ ತಗೊಂಡು ಹೋಗ್ರಿ' ಅಂದರು. ಕೆಂಪಗಿದ್ದದ್ದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ನಮ್ಮ ಬಿಸಿಲಿಗೆ, ನಮ್ಮ ಊಟಕ್ಕೆ ಒಗ್ಗಿದ ಮೈ. ನನ್ನನ್ನು ಕೇಳಿದರೆ ಇದೇ ಮೊದಲ ಆಯ್ಕೆ.

ಇನ್ನೊಂದು ಮಾತು. ಪಾರ್ವೊ ಬಂದು ಮರಿ ಸತ್ತ ಮನೆಗೆ ತಕ್ಷಣ ಮತ್ತೊಂದು ಮರಿ ತರಬೇಡಿ. ಆ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ನಂಬಿ ಕೂರಬೇಡಿ, ಬ್ಲೀಚಿಂಗ್ ಹಾಕಿ ತೊಳೆಯಬೇಕು. ನಾವು ಒಂದು ವರ್ಷದ ಮೇಲೆ ಕಾದೆವು.

ಯಾವ್ಯಾವ ಇಂಜೆಕ್ಷನ್, ಯಾವಾಗ?

ಮರಿಗೆ ಆರರಿಂದ ಎಂಟು ವಾರ ಆದಾಗ ಪಾರ್ವೊ, ಡಿಸ್ಟೆಂಪರ್ ಮುಂತಾದ ಕಾಯಿಲೆಗಳಿಗೆ ಸೇರಿಸಿ ಕೊಡುವ ಲಸಿಕೆ ಶುರು. ಮೂರು-ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳು ತುಂಬುವವರೆಗೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಅದಾದ ಮೇಲೆ ಬೂಸ್ಟರ್, ಆಮೇಲೆ ಪ್ರತಿ ವರ್ಷ. ಜಂತುಹುಳದ ಔಷಧಿ ಮರಿ ಇರುವಾಗ ಬೇಗ ಬೇಗ, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ. ಲಸಿಕೆ ಪೂರ್ತಿ ಆಗುವ ತನಕ ಮರಿಯನ್ನು ಬೀದಿಯಲ್ಲಿ ನೆಲಕ್ಕೆ ಬಿಡಬೇಡಿ, ಎತ್ತಿಕೊಂಡೇ ಊರು ತೋರಿಸಿ.

ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ರೇಬಿಸ್ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡ ದಿನ ಅದು. ಆ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಉಚಿತವಾಗಿ ಲಸಿಕೆ ಹಾಕುತ್ತಾರೆ. 'ದನದ ಆಸ್ಪತ್ರೆ'ಗೆ ನಾಯಿ ಕರ್ಕೊಂಡು ಹೋಗೋದಾ ಅಂತ ಕೆಲವರು ಹಿಂಜರಿಯುತ್ತಾರೆ. ಧೈರ್ಯವಾಗಿ ಹೋಗಿ, ಅಲ್ಲಿ ನಾಯಿಗಳನ್ನೂ ನೋಡುತ್ತಾರೆ.

ನಾವು ಲಿಂಗಾಯತರು, ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟಲ್ಲ. ನಾಯಿಗೆ ಮಾಂಸ ಕೊಡಲೇಬೇಕಾ?

ನಮ್ಮೂರಿನಲ್ಲಿ ಇದು ದೊಡ್ಡ ಪ್ರಶ್ನೆ. ಕೇಳಲು ನಾಚಿಕೆಪಟ್ಟು ಎಷ್ಟೋ ಜನ ಬರೀ ಅನ್ನ-ಹಾಲು ಹಾಕಿ ನಾಯಿಯನ್ನು ಸೊರಗಿಸುತ್ತಾರೆ.

ಬೆಕ್ಕಿಗೆ ಮಾಂಸ ಇಲ್ಲದೆ ಆಗುವುದಿಲ್ಲ. ನಾಯಿ ಹಾಗಲ್ಲ. ಸಾವಿರಾರು ವರ್ಷ ಮನುಷ್ಯರ ಜೊತೆ ಉಂಡು ಉಂಡು, ಅನ್ನ-ರೊಟ್ಟಿಯಂಥ ಪಿಷ್ಟವನ್ನು ತೋಳಕ್ಕಿಂತ ಚೆನ್ನಾಗಿ ಅರಗಿಸಿಕೊಳ್ಳಲು ಕಲಿತಿದೆ. ಆದರೆ ಅದಕ್ಕೆ ಪ್ರೋಟೀನು, ಕ್ಯಾಲ್ಸಿಯಂ ಬೇಕೇ ಬೇಕು. ಮೊಸರು, ಪನ್ನೀರು, ಚೆನ್ನಾಗಿ ಬೇಯಿಸಿದ ಬೇಳೆ, ಸೋಯಾ, ಕುಂಬಳಕಾಯಿ, ಕ್ಯಾರೆಟ್ಟು ಸೇರಿಸಿ. ಏನು ಕಡಿಮೆ ಬೀಳುತ್ತದೆ ಅಂತ ಡಾಕ್ಟರನ್ನು ಕೇಳಿ, ಅದಕ್ಕೆ ಟಾನಿಕ್ ಕೊಡುತ್ತಾರೆ. ಹಾಲು ಕೆಲವು ನಾಯಿಗಳಿಗೆ ಭೇದಿ ಮಾಡಿಸುತ್ತದೆ, ಮೊಸರು ವಾಸಿ.

ನಮ್ಮ ಮನೆಯಲ್ಲೂ ಅಡುಗೆಮನೆಗೆ ಮೊಟ್ಟೆ ಬರುವುದಿಲ್ಲ. ಹಿತ್ತಲಲ್ಲಿ ಒಂದು ಸಣ್ಣ ಸ್ಟೌ, ಒಂದು ಬೇರೆ ಪಾತ್ರೆ ಇಟ್ಟಿದ್ದೇನೆ. ಅಲ್ಲೇ ಬೇಯಿಸಿ ಅಲ್ಲೇ ಹಾಕುತ್ತೇನೆ. ಅತ್ತೆಯವರು ಮೊದಲ ತಿಂಗಳು ಆ ಕಡೆ ತಿರುಗಿ ನೋಡಲಿಲ್ಲ. ಈಗ ನಾನು ಊರಲ್ಲಿ ಇಲ್ಲದಿದ್ದರೆ, 'ಅವನ ಮೊಟ್ಟೆ ಆಯ್ತೇನೋ?' ಅಂತ ನನ್ನ ಮಗನನ್ನು ಕೇಳುತ್ತಾರೆ.

ಬೆಣ್ಣೆ ದೋಸೆ ಕೊಡಬಹುದಾ? ಮಂಡಕ್ಕಿ?

ಬೆಣ್ಣೆ ದೋಸೆ ಬೇಡ. ಅಷ್ಟು ಕೊಬ್ಬು ನಾಯಿಯ ಮೇದೋಜೀರಕ ಗ್ರಂಥಿಗೆ ಊತ ತರಬಹುದು, ಅದು ಪ್ರಾಣಕ್ಕೇ ಬರುವ ಕಾಯಿಲೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಯಾವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣವನ್ನೇ ಹಾಳು ಮಾಡುತ್ತವೆ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ ವಿಷ. ಹಬ್ಬದ ದಿನ ಪಾಯಸದ ಬಟ್ಟಲು ಮಕ್ಕಳ ಕೈಯಿಂದ ಜಾರುವ ಹೊತ್ತಿಗೆ ನಾಯಿಯನ್ನು ಹೊರಗೆ ಬಿಡಿ. ಬೇಯಿಸಿದ ಕೋಳಿ ಮೂಳೆ ಚೂರಾಗಿ ಕರುಳಿಗೆ ಚುಚ್ಚುತ್ತದೆ. ನಿಮ್ಮ ಜ್ವರದ ಮಾತ್ರೆ, ನೋವಿನ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಅಭ್ಯಾಸವಂತೂ ಇವತ್ತೇ ಬಿಡಿ.

ಆದರೆ ಸುಮ್ನೆ ಒಣ ಮಂಡಕ್ಕಿ ನನ್ನ ದೊಡ್ಡ ಸಹಾಯ. 'ಕೂತ್ಕೋ' ಅಂದಾಗ ಕೂತರೆ ಒಂದು ಕಾಳು. 'ಬಾ' ಅಂದಾಗ ಬಂದರೆ ಎರಡು ಕಾಳು. ಕೆಂಚ ಕಲಿತದ್ದೆಲ್ಲ ಅದರಲ್ಲೇ. ಹೊಟ್ಟೆ ತುಂಬುವುದಿಲ್ಲ, ಆಸೆ ಹೋಗುವುದಿಲ್ಲ. ದಿನಕ್ಕೆ ಒಂದು ಹಿಡಿ ಮೀರಬೇಡಿ, ಅದರಲ್ಲಿ ಉಪ್ಪಿರುತ್ತದೆ.

ಬೇಸಿಗೆಯಲ್ಲಿ ಹೇಗೆ ನೋಡಿಕೊಳ್ಳೋದು?

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರ ಬಿಸಿಲು 38-39 ಡಿಗ್ರಿ ಮುಟ್ಟುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಸ್ವಲ್ಪ ಬೆವರುತ್ತದೆ, ಉಳಿದಿದ್ದೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಟಾರು ರಸ್ತೆ ಮೇಲೆ ನಿಮ್ಮ ಅಂಗೈ ಹಿಂಭಾಗ ಇಟ್ಟು ನೋಡಿ. ಏಳು ಎಣಿಸುವಷ್ಟು ಹೊತ್ತು ಇಡಲು ಆಗದಿದ್ದರೆ ನಾಯಿಯನ್ನು ಅದರ ಮೇಲೆ ನಡೆಸಬೇಡಿ. ನಾವು ಬೆಳಿಗ್ಗೆ ಆರೂವರೆಯ ಒಳಗೆ ವಾಪಸ್ ಬಂದುಬಿಡುತ್ತೇವೆ, ಸಂಜೆ ಏಳರ ಮೇಲೆ ಹೊರಡುತ್ತೇವೆ.

ಮಹಡಿ ಮೇಲೆ ತಗಡಿನ ಶೀಟಿನ ಕೆಳಗೆ ನಾಯಿ ಕಟ್ಟುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಮಧ್ಯಾಹ್ನ ಹನ್ನೆರಡಕ್ಕೆ ನೀವೇ ಅಲ್ಲಿ ಹೋಗಿ ಹತ್ತು ನಿಮಿಷ ಕೂತು ನೋಡಿ. ನಾಯಿಗೆ ನೆರಳು, ಗಾಳಿ, ಎರಡು ಕಡೆ ನೀರು, ಒಂದು ಒದ್ದೆ ಗೋಣಿಚೀಲ ಇದ್ದರೆ ಸಾಕು.

ನಾಯಿ ಜೋರಾಗಿ ಏದುಸಿರು ಬಿಡುತ್ತಾ, ಜೊಲ್ಲು ಸುರಿಸುತ್ತಾ, ಕಾಲು ತಡವರಿಸಿದರೆ ಬಿಸಿಲ ಹೊಡೆತ ಅಂತ ತಿಳಿಯಿರಿ. ನಾಯಿಯ ಮೈ ಸಾಮಾನ್ಯವಾಗಿ 101ರಿಂದ 102.5 ಫ್ಯಾರನ್‌ಹೀಟ್ ಇರುತ್ತದೆ. 105 ದಾಟಿದರೆ ಅಪಾಯ. ಹೊಟ್ಟೆ, ತೊಡೆಸಂದಿ, ಪಾದಗಳಿಗೆ ಸಾದಾ ತಣ್ಣೀರು ಹಾಕಿ, ಫ್ಯಾನ್ ಹಚ್ಚಿ, ಆಸ್ಪತ್ರೆಗೆ ಹೊರಡಿ. ಐಸು ಬೇಡ.

ಎಷ್ಟು ಕಿತ್ತರೂ ಉಣ್ಣಿ ಹೋಗ್ತಿಲ್ಲ!

ಯಾಕೆಂದರೆ ನಾಯಿ ಮೈಮೇಲೆ ಇರುವುದು ಸ್ವಲ್ಪ, ಗೋಡೆ ಬಿರುಕು, ಕಲ್ಲು ಸಂದಿಯಲ್ಲಿ ಇರುವುದು ಜಾಸ್ತಿ. ಒಂದು ಹೆಣ್ಣು ಉಣ್ಣಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಅದಕ್ಕೇ ಮನೆಯನ್ನೂ ನೋಡಬೇಕು. ಸಂದಿಗಳನ್ನು ಸಿಮೆಂಟು ತುಂಬಿ ಮುಚ್ಚಿಸಿ, ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಬೆರಳಲ್ಲಿ ಹೊಸಕಬೇಡಿ, ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ. ಮಾತ್ರೆ ಅಥವಾ ಬೆನ್ನಿಗೆ ಬಿಡುವ ಔಷಧಿಯನ್ನು ತೂಕ ನೋಡಿ ಡಾಕ್ಟರು ಕೊಡುತ್ತಾರೆ.

ಹೊಲಕ್ಕೆ ಹೊಡೆಯುವ ಔಷಧಿಯನ್ನು ನೀರಿಗೆ ಬೆರೆಸಿ ನಾಯಿ ಮೈಗೆ ಹಚ್ಚಿದವರನ್ನು ನೋಡಿದ್ದೇನೆ. ಆ ನಾಯಿ ರಾತ್ರಿ ಕಳೆಯಲಿಲ್ಲ. ಸೀಮೆಎಣ್ಣೆಯೂ ಬೇಡ.

ಉಣ್ಣಿ ಜ್ವರ ಬಂದರೆ ನಾಯಿ ಊಟ ಬಿಡುತ್ತದೆ, ಒಸಡು ಬಿಳಚಿಕೊಳ್ಳುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ ಬರುತ್ತದೆ. ನಾಳೆ ನೋಡೋಣ ಅನ್ನಬೇಡಿ. ರಕ್ತ ಪರೀಕ್ಷೆ ಮಾಡಿಸಿ ಬೇಗ ಔಷಧಿ ಶುರು ಮಾಡಿದರೆ ಬಹಳಷ್ಟು ನಾಯಿಗಳು ಉಳಿಯುತ್ತವೆ.

ಮನೆಯಲ್ಲಿ ಪೂಜೆ, ಮಡಿ ಇದೆ. ಹಿರಿಯರು ಒಪ್ಪುತ್ತಿಲ್ಲ.

ಅವರ ಮನಸ್ಸು ನೋಯಿಸಿ ತರಬೇಡಿ. ದೇವರ ಮನೆ, ಅಡುಗೆ ಮನೆ ಹೊಸ್ತಿಲು ದಾಟಬಾರದು ಅಂತ ಮರಿಗೆ ಮೊದಲ ದಿನದಿಂದ ಕಲಿಸಿದರೆ ಕಲಿಯುತ್ತದೆ. ಕೆಂಚ ಇವತ್ತಿಗೂ ಆ ಹೊಸ್ತಿಲ ಮೇಲೆ ಗದ್ದ ಇಟ್ಟು ಮಲಗುತ್ತಾನೆ, ಕಾಲಿಡುವುದಿಲ್ಲ. ನಮ್ಮ ಕಡೆ ಮೈಲಾರಲಿಂಗನ ಗೊರವಯ್ಯನವರು ನಾಯಿಯ ಹಾಗೆ ಬೊಗಳಿ, ದೋಣಿ ಅನ್ನುವ ಬಟ್ಟಲಿನಲ್ಲಿ ಹಾಲು-ಹಣ್ಣು ಸ್ವೀಕರಿಸುವುದನ್ನು ಹಿರಿಯರೆಲ್ಲ ನೋಡಿ ಬೆಳೆದವರೇ. ಅತ್ತೆಯವರ ಹತ್ತಿರ ನಾನು ವಾದ ಮಾಡಲಿಲ್ಲ, ಅದನ್ನು ನೆನಪು ಮಾಡಿದೆ ಅಷ್ಟೇ.

ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದರೆ ಪಾಪ ಅಲ್ವಾ?

ಹೆಣ್ಣು ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರಬಹುದು. ಸುಮಾರು 63 ದಿನಕ್ಕೆ ಐದಾರು ಮರಿ. ಆ ಮರಿಗಳನ್ನು ಎಲ್ಲಿ ಬಿಡುತ್ತೀರಿ? ಚೀಲದಲ್ಲಿ ಕಟ್ಟಿ ಬೈಪಾಸ್ ಪಕ್ಕ ಬಿಟ್ಟ ಮರಿಗಳನ್ನು ನಾನು ಎತ್ತಿಕೊಂಡು ಬಂದಿದ್ದೇನೆ, ಎಲ್ಲಾ ಉಳಿಯಲಿಲ್ಲ. ಪಾಪ ಅನ್ನುವುದಾದರೆ ಅದು ಪಾಪ. ಯಾವ ವಯಸ್ಸಿಗೆ ಅಂತ ತಳಿ, ತೂಕ ನೋಡಿ ಡಾಕ್ಟರು ಹೇಳುತ್ತಾರೆ. ಹೆಣ್ಣಿಗೆ ಗರ್ಭಕೋಶದ ಕೀವು ಬರುವ ಕಾಯಿಲೆಯೂ ಇದರಿಂದ ತಪ್ಪುತ್ತದೆ.

ಸಾಕಿದ ನಾಯಿಯೇ ಪರಚಿತು, ಹಲ್ಲು ತಾಗಿತು. ಏನು ಮಾಡಲಿ?

ಈಗಲೇ ಎದ್ದು ನಲ್ಲಿ ಕೆಳಗೆ ಗಾಯ ಹಿಡಿಯಿರಿ. ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ, ಗಡಿಯಾರ ನೋಡಿ. ಅರಿಶಿನ, ಸುಣ್ಣ, ಖಾರದಪುಡಿ, ಕಾಫಿಪುಡಿ ಏನೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ನಮ್ಮ ಚಿಗಟೇರಿ ಜಿಲ್ಲಾಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬಿಸ್ ಲಸಿಕೆಗೆ ದುಡ್ಡು ಕೊಡಬೇಕಾಗಿಲ್ಲ. ತೋಳಿಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7, 14, 28ನೇ ದಿನ. ಚರ್ಮಕ್ಕೆ ಕೊಡುವುದಾದರೆ ದಿನಗಳು ಸ್ವಲ್ಪ ಬೇರೆ. ಒಂದನ್ನೂ ತಪ್ಪಿಸಬಾರದು. ಗಾಯ ಆಳವಾಗಿದ್ದರೆ, ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಅನ್ನುವ ಇನ್ನೊಂದು ಇಂಜೆಕ್ಷನ್ ಕೂಡ ಬೇಕು. ಅದನ್ನು ನೀವೇ ಬಾಯಿಬಿಟ್ಟು ಕೇಳಿ.

ನಾಯಿಗೆ ಲಸಿಕೆ ಆಗಿದೆ ಅಂತ ಮನೆಯಲ್ಲಿ ಕೂರಬೇಡಿ, ಆ ಪುಸ್ತಕ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೊದಲೇ ಲಸಿಕೆ ಹಾಕಿಸಿದರೆ ಪೂರ್ತಿ ತಡೆಯಬಹುದು. ದೊಡ್ಡವರು ಬೈತಾರೆ ಅಂತ ಮಕ್ಕಳು ಪರಚಿದ್ದನ್ನು ಮುಚ್ಚಿಡುತ್ತಾರೆ. 'ಹೇಳಿದರೆ ಬೈಯಲ್ಲ' ಅಂತ ನಾಯಿ ತಂದ ದಿನವೇ ಅವರಿಗೆ ಮಾತು ಕೊಡಿ.

ಅಕ್ಕಪಕ್ಕದವರು ಜಗಳ ಆಡ್ತಿದ್ದಾರೆ.

ಮೊದಲು ನಮ್ಮ ಕಡೆ ಸರಿ ಇದೆಯಾ ನೋಡೋಣ. ಅವರ ಗೇಟಿನ ಮುಂದೆ ನಾಯಿ ಕಕ್ಕ ಮಾಡಿದರೆ ಎತ್ತುವುದು ನಮ್ಮ ಕೆಲಸ. ನಾನು ಹಳೇ ಪೇಪರ್, ಒಂದು ಕವರ್ ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಡುತ್ತೇನೆ. ರಂಗೋಲಿ ಹಾಕುವ ಹೊತ್ತಿಗೆ ಆ ಬೀದಿ ಬಿಟ್ಟು ಬೇರೆ ಬೀದಿ ಹಿಡಿಯಿರಿ. ಕುಂದುವಾಡ ಕೆರೆ ಕಡೆ ಹೋದರೆ ಚೈನು ಬಿಚ್ಚಬೇಡಿ, ನೀರಿಗಂತೂ ಇಳಿಸಲೇಬೇಡಿ. ಊರು ಕುಡಿಯುವ ನೀರು ಅದು.

ದಿನವಿಡೀ ಬೊಗಳುವ ನಾಯಿ ಸಾಮಾನ್ಯವಾಗಿ ದಿನವಿಡೀ ಕಟ್ಟಿಹಾಕಿದ ನಾಯಿ. ಸದಾ ಕಟ್ಟಿಹಾಕಿ ಓಡಾಡಿಸದೆ ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧವೂ ಹೌದು. ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು: ಸಂಘದವರು ಮೀಟಿಂಗ್ ಮಾಡಿ ನಾಯಿಯನ್ನೇ ನಿಷೇಧಿಸುವ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಇದೆ. ಬಾಡಿಗೆ ಮನೆಯವರು ಮಾತ್ರ ಮಾಲೀಕರನ್ನು ಮೊದಲೇ ಕೇಳಿ ಬಿಡಿ.

ಊರಿಗೆ ಹೋಗುವಾಗ?

ನಮ್ಮ ಮನೆಯವರೆಲ್ಲ ಒಟ್ಟಿಗೆ ಒಂದು ಮದುವೆಗೆ ಹೋಗಿ 11 ವರ್ಷ ಆಯಿತು. ಒಬ್ಬರು ಉಳಿಯುತ್ತೇವೆ. ಇದು ನಿಜವಾದ ಭಾರ, ಸುಳ್ಳು ಹೇಳುವುದಿಲ್ಲ. ರೈಲಿನಲ್ಲಿ ಫಸ್ಟ್ ಕ್ಲಾಸಿನ ಪೂರ್ತಿ ಕೋಣೆ (ಕೂಪೆ ಅಥವಾ ಕ್ಯಾಬಿನ್) ಸಿಕ್ಕರೆ ಮಾತ್ರ ನಾಯಿ ಜೊತೆಯಲ್ಲಿ ಬರಬಹುದು, ಇಲ್ಲದಿದ್ದರೆ ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ ಹೋಗಬೇಕು. ಕೆಂಚನನ್ನು ಆ ಪೆಟ್ಟಿಗೆಗೆ ಹಾಕಲು ನನಗೆ ಮನಸ್ಸು ಬರಲಿಲ್ಲ.

ದೀಪಾವಳಿ, ಗಣಪತಿ ಬಿಡುವ ದಿನ?

ಸಂಜೆಗೆ ಮುಂಚೆ ವಾಕಿಂಗ್ ಮುಗಿಸಿ. ಒಳಗಿನ ಕೋಣೆ, ಕಿಟಕಿ ಮುಚ್ಚಿ, ಟಿವಿ ಜೋರಾಗಿಡಿ, ಪಕ್ಕದಲ್ಲಿ ಒಬ್ಬರು ಕೂರಿ. ಕೊರಳಿನ ಬೆಲ್ಟಿಗೆ ಫೋನ್ ನಂಬರ್ ಬರೆದಿಡಿ. ಹೆದರಿ ಓಡಿಹೋಗುವುದು ಇಂಥ ದಿನಗಳಲ್ಲೇ ಜಾಸ್ತಿ.

ಇಷ್ಟೆಲ್ಲ ಕಷ್ಟ ಇದ್ದ ಮೇಲೆ ಯಾಕೆ ಸಾಕ್ತೀರಿ?

ಇದನ್ನು ಕೇಳಿದಾಗೆಲ್ಲ ಒಂದು ವಿಷಯ ಹೇಳುತ್ತೇನೆ. ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ಮಾತು ಬಿಟ್ಟಿದ್ದರು. ನಾವು ಕೇಳಿದರೆ ಹೂಂ, ಉಹೂಂ ಅಷ್ಟೇ. ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗೆ ಯಾರೋ ಮಾತಾಡುವುದು ಕೇಳಿಸಿತು. ಹೋಗಿ ನೋಡಿದರೆ ಅತ್ತೆಯವರು ಹೊಸ್ತಿಲ ಈಚೆ ಕೂತು, ಮಾವ ಹತ್ತಿ ಮಿಲ್ಲಿನಲ್ಲಿ ಪಾಳಿ ಮುಗಿಸಿ ಬರುತ್ತಿದ್ದ ಕಥೆಯನ್ನು ಕೆಂಚನಿಗೆ ಹೇಳುತ್ತಿದ್ದರು. ಅವನು ಕಿವಿ ನೆಟ್ಟಗೆ ಮಾಡಿಕೊಂಡು ಅವರ ಮುಖ ನೋಡುತ್ತಿದ್ದ. ನಾನು ಸದ್ದು ಮಾಡದೆ ವಾಪಸ್ ಬಂದು ಬಟ್ಟೆ ಬುಟ್ಟಿ ಹಿಡಿದು ಅತ್ತುಬಿಟ್ಟೆ.

ಇನ್ನೂ ಇದೆ. ನನ್ನ ಸ್ಕೂಟರ್ ಇನ್ನೂ ತಿರುವಿನಲ್ಲಿ ಇರುವಾಗಲೇ ಅವನು ಗೇಟಿಗೆ ಬಂದು ನಿಂತಿರುತ್ತಾನಂತೆ. ಪಕ್ಕದ ಮನೆ ಸ್ಕೂಟರೂ ಅದೇ ಕಂಪನಿಯದು, ಅದಕ್ಕೆ ಏಳುವುದಿಲ್ಲ. 20 ವರ್ಷ ಈ ಬೀದಿಯಲ್ಲಿದ್ದರೂ ನನಗೆ ಹಾಲಿನವರ ಮಗಳ ಹೆಸರು ಗೊತ್ತಿರಲಿಲ್ಲ. ಕೆಂಚನ ಜೊತೆ ನಡೆಯಲು ಶುರು ಮಾಡಿದ ಮೇಲೆ ಗೊತ್ತಾಯಿತು. ನನ್ನ ಸಕ್ಕರೆ ಕಾಯಿಲೆಯ ಡಾಕ್ಟರು ನಡೆಯಿರಿ ಅಂತ ಎಷ್ಟು ಸಲ ಹೇಳಿದರೂ ನಡೆಯದವಳು, ಅವನು ಚೈನು ಬಾಯಲ್ಲಿ ಕಚ್ಚಿಕೊಂಡು ಬಂದು ನಿಂತರೆ ಎದ್ದು ಹೊರಡುತ್ತೇನೆ. ಬೆಳಿಗ್ಗೆ ಐದೂವರೆಯ ಆ ಕೆಲಸವೂ ಭಾರವೇ. ನನಗೆ ಸಂತೋಷ ಸಿಗುವುದೂ ಅದೇ ಐದೂವರೆಯಲ್ಲಿ.

ಸತ್ತರೆ ತಡ್ಕೊಳ್ಳೋಕೆ ಆಗುತ್ತಾ?

ಕಷ್ಟ. ಚಿನ್ನುವನ್ನು ಹರಿಹರದ ಹತ್ತಿರ ತಂಗಿಯ ಹೊಲದಲ್ಲಿ, ಬೇವಿನ ಮರದ ಕೆಳಗೆ ಮಣ್ಣು ಮಾಡಿದೆವು. ನಾಲ್ಕು ಅಡಿ ಆಳ ತೋಡಿಸಿ, ಬೇರೆ ನಾಯಿಗಳು ಕೆದಕದ ಹಾಗೆ ಕಲ್ಲು ಇಡಿಸಿ. ಚರಂಡಿ ಪಕ್ಕ, ಕಸದ ರಾಶಿಗೆ ಎಸೆಯಬೇಡಿ.

'ನಾಯಿಗೆ ಇಷ್ಟು ಅಳ್ತೀಯಾ' ಅಂತ ಯಾರಾದರೂ ಅಂದರೆ ಆತಕೂರು ಶಾಸನದ ಕಥೆ ಹೇಳಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ್ದು, ಕ್ರಿ.ಶ. 949-50ರದ್ದು. ಮಣಲೆರ ಅನ್ನುವ ವೀರ, ರಾಜನ ಹತ್ತಿರ ಬೇಡಿ ಪಡೆದದ್ದು ಕಾಳಿ ಅನ್ನುವ ಬೇಟೆ ನಾಯಿಯನ್ನು. ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಅದರ ನೆನಪಿಗೆ ದೇವಸ್ಥಾನದ ಎದುರು ಕಲ್ಲು ನಿಲ್ಲಿಸಿ, ಪೂಜೆ ನಡೆಯಲಿ ಅಂತ ಭೂಮಿ ಬಿಟ್ಟರು. ಆ ಕಲ್ಲಿನಲ್ಲಿ ನಾಯಿ, ಹಂದಿ ಎರಡರ ಚಿತ್ರವೂ ಇದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾನು ಹೋಗಿ ನೋಡಿ ಬಂದಿದ್ದೇನೆ.

ಕೆಂಚ ಹೇಗಿದ್ದಾನೆ ಆಂಟಿ?

ಇದು ಬೀದಿ ಮಕ್ಕಳ ಪ್ರಶ್ನೆ, ದಿನಾ ಕೇಳುತ್ತಾರೆ. ಮುಖವೆಲ್ಲ ಬೆಳ್ಳಗಾಗಿದೆ. ಎಡಗಣ್ಣಿನಲ್ಲಿ ಪೊರೆ. ಮಹಡಿ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದಾನೆ, ಹಿಂಗಾಲಿಗೆ ದಿನಾ ರಾತ್ರಿ ಬಿಸಿ ಬಟ್ಟೆ ಶಾಖ ಕೊಡುತ್ತೇನೆ. ಐದೂವರೆಗೆ ನಾನು ಚೈನು ತೆಗೆದ ಸದ್ದು ಕೇಳಿದರೆ ಈಗಲೂ ಎದ್ದು ನಿಲ್ಲುತ್ತಾನೆ. ಮೂಲೆಯ ಆಂಜನೇಯ ಗುಡಿ ತನಕ ಹೋಗುತ್ತಾನೆ, ಅಲ್ಲಿ ಸ್ವಲ್ಪ ಹೊತ್ತು ಕೂರುತ್ತಾನೆ. ನಾನೂ ಕಟ್ಟೆ ಮೇಲೆ ಕೂರುತ್ತೇನೆ. ಅವನಿಗೆ ಏಳಬೇಕು ಅನ್ನಿಸಿದಾಗ ಇಬ್ಬರೂ ಎದ್ದು ಮನೆಗೆ ಬರುತ್ತೇವೆ.